ಡಿಟೈನರ್ ಎಂದರೆ ಕೋರ್ಟ್ ಆದೇಶವಲ್ಲ

ಇಮಿಗ್ರೇಷನ್ ಡಿಟೈನರ್ (ಬಿಡುಗಡೆಯಾಗಬೇಕಾದವರನ್ನು ನಮಗೆ ಒಪ್ಪಿಸಲು ಇನ್ನಷ್ಟು ಹೊತ್ತು ಹಿಡಿದಿಡಿ ಎಂದು ವಲಸೆ ಇಲಾಖೆ ಜೈಲಿಗೆ ಕಳಿಸುವ ಪತ್ರ) ಬಂದರೆ ಅಮೆರಿಕದ ಯಾವ ಕೌಂಟಿ ಜೈಲೂ ಆ ವ್ಯಕ್ತಿಯನ್ನು ಬಿಡುವಂತಿಲ್ಲ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ತಪ್ಪು. ಐ-247ಎ ಫಾರ್ಮಿನ ಡಿಟೈನರ್ ಬರೀ ಕೋರಿಕೆ. ಮೂರನೇ ಸರ್ಕ್ಯೂಟ್ ಕೋರ್ಟ್ (ಫೆಡರಲ್ ಮೇಲ್ಮನವಿ ಕೋರ್ಟ್) ಇದನ್ನು 2014ರಲ್ಲೇ ಹೇಳಿದೆ. ಅದೇ ವರ್ಷ ಒರೆಗಾನ್‌ನ ಕ್ಲಾಕಮಸ್ ಕೌಂಟಿ, 500 ಡಾಲರ್ ಕಟ್ಟಿ ಹೊರಬರಬಹುದಿದ್ದ ಮಹಿಳೆಯನ್ನು ಡಿಟೈನರ್ ನಂಬಿ ಇಟ್ಟುಕೊಂಡದ್ದು ಅಕಾರಣ ಬಂಧನವನ್ನು ತಡೆಯುವ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಉಲ್ಲಂಘನೆ ಎಂದು ಫೆಡರಲ್ ಕೋರ್ಟ್ ತೀರ್ಪಿತ್ತಿತು. ಡಿಟೈನರ್ ಜೊತೆಗೆ ಬರುವ ಐ-200 ಬಂಧನ ವಾರಂಟಿಗೂ ಸಹಿ ಇಮಿಗ್ರೇಷನ್ ಅಧಿಕಾರಿಯದೇ, ನ್ಯಾಯಾಧೀಶರದಲ್ಲ.

ಟೆಕ್ಸಾಸ್ ಮಾತು ಬೇರೆ. 2017ರ ಎಸ್‌ಬಿ 4 ಎಂಬ ರಾಜ್ಯ ಕಾನೂನು ಅಲ್ಲಿ ಡಿಟೈನರ್ ಪಾಲನೆಯನ್ನು ಕಡ್ಡಾಯ ಮಾಡಿತು, ಐದನೇ ಸರ್ಕ್ಯೂಟ್ 2018ರಲ್ಲಿ ಬಹುಪಾಲು ಎತ್ತಿಹಿಡಿಯಿತು. ಲೇಖಕರು ಟೆಕ್ಸಾಸನ್ನೇ ಇಡೀ ದೇಶ ಅಂದುಕೊಂಡಂತಿದೆ.

ವಕೀಲರು ಮೊದಲು ಕೇಳಬೇಕಾದದ್ದು ಫಾರ್ಮಿನ ಪ್ರತಿ. ಬಂಧಿತರ ಕೈಗೆ ಪ್ರತಿ ಕೊಡದೆ ಡಿಟೈನರ್ ಜಾರಿಗೆ ಬರದು ಎಂದು ಅದರಲ್ಲೇ ಅಚ್ಚಾಗಿದೆ. ಡಿಟೈನರ್ ಮೇಲೆ ಹೆಚ್ಚೆಂದರೆ 48 ಗಂಟೆ ಇಟ್ಟುಕೊಳ್ಳಿ ಎನ್ನುತ್ತದೆ ಫಾರ್ಮ್; ಆ ಲೆಕ್ಕವೂ ಫಾರ್ಮ್ ಬಂದ ಹೊತ್ತಿನಿಂದಲ್ಲ, ಬಿಡುಗಡೆ ಆಗಬೇಕಿದ್ದ ಹೊತ್ತಿನಿಂದ. ಮನೆಯವರು ಹೆದರಿ ಬೇಲ್ ಕಟ್ಟದಿದ್ದರೆ, ಬೇರೆ ರೀತಿಯಲ್ಲಿ ಬಿಡುಗಡೆಯ ಹೊತ್ತು ಬರುವವರೆಗೆ ಆ ಗಡಿಯಾರ ಶುರುವಾಗುವುದೇ ಇಲ್ಲ. ಹಾಗಂತ ಕಣ್ಣುಮುಚ್ಚಿ ಕಟ್ಟಿದರೂ ಕಷ್ಟ: ಇಮಿಗ್ರೇಷನ್‌ನವರು ಒಯ್ದು, ಕೋರ್ಟ್ ದಿನ ತಪ್ಪಿದರೆ ಬೇಲ್ ಹಣ ಮುಳುಗಬಹುದು.