ಆ ಸೊಳ್ಳೆ ನಮ್ಮ ಚರಂಡಿಯದೇ, ನಗುವ ಮೊದಲು ಕೇಳಿ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಕಲಬುರಗಿಯಲ್ಲಿ ನೆಂಟರ ಮನೆಯ ಕುಬಸ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ಒಬ್ಬ ಹುಡುಗ ಮೊಬೈಲ್ ಹಿಡಿದು ಬಂದ. ಅಮೆರಿಕದ ಹವಾಯಿ ದ್ವೀಪದ ಕಾಡಿನ ಮೇಲೆ ಡ್ರೋನ್‌ನಿಂದ ಸೊಳ್ಳೆ ಬಿಡುವ ವಿಡಿಯೋ. "ಹಕ್ಕಿ ಉಳಸ್ಲಾಕ ಸೊಳ್ಳಿ ಬಿಡ್ಲಾಕತ್ಯಾರಂತ ನೋಡ್ರಿ ಕಾಕಾ, ಎಂಥಾ ಹುಚ್ಚ ಮಂದಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬರು ಇದೆಲ್ಲ ವಿದೇಶಿ ಪಿತೂರಿ, ನಾಳೆ ನಮ್ಮ ಮೇಲೂ ಬಿಡುತ್ತಾರೆ ಅಂದರು. ಯಾಕೆ ಬಿಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ನಾನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಮಾತು ತೊಗರಿ ರೇಟಿಗೆ ಹೋಗಿತ್ತು.

ನನ್ನ ನೌಕರಿ ಏನಿತ್ತು ಅಂತ ನಿಮಗೆ ಗೊತ್ತು. ಆನೆಕಾಲು ರೋಗದ ಹಿಂದೆ ಓಡಾಡಿದವನು ನಾನು. ಆ ರೋಗದ ಹುಳುವಿನ ಮರಿಗಳು ರಾತ್ರಿ ಹೊತ್ತು ಮಾತ್ರ ಮೇಲಿನ ರಕ್ತಕ್ಕೆ ಬರುತ್ತವೆ. ಹಾಗಾಗಿ ಜನ ಮಲಗುವ ಹೊತ್ತಿಗೆ ಬಾಗಿಲು ತಟ್ಟಿ ಬೆರಳು ಚುಚ್ಚಬೇಕಿತ್ತು. ಬೈಗುಳ ತಿಂದಿದ್ದೇನೆ, ನಾಯಿ ಬಿಟ್ಟಿದ್ದಾರೆ. ರೋಗ ಹರಡುತ್ತಿದ್ದದ್ದು ಕ್ಯೂಲೆಕ್ಸ್ ಸೊಳ್ಳೆ, ನಮ್ಮ ಗಲ್ಲಿಗಳ ಕೊಳಕು ನೀರಿನಲ್ಲಿ ಬೆಳೆಯುವಂಥದ್ದು. ಹವಾಯಿ ಹಕ್ಕಿಗಳನ್ನು ಕೊಲ್ಲುತ್ತಿರುವುದೂ ಅದೇ ಜಾತಿಯ ಸೊಳ್ಳೆ. ನಾವು ನಕ್ಕಿದ್ದು ನಮ್ಮದೇ ವೈರಿಯ ಕತೆಗೆ.

ಆ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ತಿಮಿಂಗಿಲ ಬೇಟೆಯ ಹಡಗೊಂದು ಮಾವಿ ದ್ವೀಪದ ಲಹೈನಾಕ್ಕೆ ಬಂತು. ಅದರ ಪೀಪಾಯಿಯ ನೀರಿನಲ್ಲಿ ಸೊಳ್ಳೆ ಮರಿಗಳಿದ್ದವು. ಮುಂದೆ ಹೊರಗಿನ ಹಕ್ಕಿಗಳ ಜೊತೆ ಹಕ್ಕಿ ಮಲೇರಿಯಾವೂ ಬಂತು. ಸೊಳ್ಳೆಯನ್ನೇ ಕಾಣದ ಹಕ್ಕಿಗಳಿಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಇಈವಿ ಅಂತ ಒಂದು ಕೆಂಪು ಹಕ್ಕಿ ಇದೆ, ಬಾಗಿದ ಕೊಕ್ಕು, ಹೂವಿನ ಮಧು ಕುಡಿದು ಬದುಕುತ್ತದೆ. ರೋಗದ ಸೊಳ್ಳೆ ಒಂದು ಸಲ ಕಚ್ಚಿದರೆ ಹತ್ತರಲ್ಲಿ ಒಂಬತ್ತು ಇಈವಿ ಸಾಯುತ್ತವೆ. ಇಂಥ ಮಧು ಹಕ್ಕಿಗಳು 50ಕ್ಕೂ ಹೆಚ್ಚು ಬಗೆ ಇದ್ದವು. ಈಗ 17 ಉಳಿದಿವೆ. 2023ರ ಅಕ್ಟೋಬರ್‌ನಲ್ಲಿ ಹವಾಯಿಯ ಎಂಟು ಕಾಡುಹಕ್ಕಿಗಳು ಇನ್ನಿಲ್ಲ ಅಂತ ಅಮೆರಿಕ ಸರ್ಕಾರ ಒಂದೇ ದಿನ ಘೋಷಿಸಿತು.

ಉಳಿದವು ಬೆಟ್ಟದ ಮೇಲಿನ ಚಳಿ ಕಾಡಿನಲ್ಲಿವೆ. ಚಳಿಗೆ ಸೊಳ್ಳೆ ಬರುತ್ತಿರಲಿಲ್ಲ. ಈಗ ಅಲ್ಲೂ ಬಿಸಿಲು ಜಾಸ್ತಿಯಾಗಿದೆ, ಸೊಳ್ಳೆ ಮೇಲೆ ಹತ್ತುತ್ತಿದೆ. ಹಕ್ಕಿಗೆ ಇನ್ನೂ ಮೇಲೆ ಹೋಗಲು ಬೆಟ್ಟವೇ ಇಲ್ಲ.

ಮಾವಿಯಲ್ಲಿ ಕಿವಿಕಿಯು ಅನ್ನುವ ಹಕ್ಕಿ ಇದೆ. ಇಡೀ ಲೋಕದಲ್ಲಿ 150ಕ್ಕಿಂತ ಕಡಿಮೆ. ಅದಕ್ಕೊಂದು ಎರಡನೇ ಮನೆ ಇರಲಿ ಅಂತ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಹಾಳಾದ ಕಾಡಿಗೆ ಬೇಲಿ ಹಾಕಿದರು. ಊರಿನ ಸ್ವಯಂಸೇವಕರು ವರ್ಷಗಟ್ಟಲೆ ಸಸಿ ನೆಟ್ಟರು. 2019ರಲ್ಲಿ ಕೆಲವು ಹಕ್ಕಿಗಳನ್ನು ಅಲ್ಲಿಗೆ ಸಾಗಿಸಿದರು. ಕೆಲವೇ ವಾರಗಳಲ್ಲಿ ಹೆಚ್ಚಿನವು ಮಲೇರಿಯಾಕ್ಕೆ ಸತ್ತವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಸಿ ನೆಟ್ಟ ಆ ಕೈಗಳದೇ ನೆನಪು.

ಇಷ್ಟಾದ ಮೇಲೆ ಸೊಳ್ಳೆ ಬಿಡಲು ಶುರು ಮಾಡಿದ್ದು, 2023ರ ಕೊನೆಯಲ್ಲಿ. ಬಿಡುವುದು ಗಂಡು ಸೊಳ್ಳೆ. ಗಂಡು ಸೊಳ್ಳೆ ಕಚ್ಚುವುದಿಲ್ಲ, ಅದು ಕುಡಿಯುವುದು ಹೂವಿನ ರಸ. ಅದರ ಮೈಯ ಜೀವಕೋಶಗಳಲ್ಲಿ ವೊಲ್ಬಾಕಿಯ ಅಂತ ಬೇರೆ ತಳಿಯ ಬ್ಯಾಕ್ಟೀರಿಯ ಇರುತ್ತದೆ. ಅದರ ಜೊತೆ ಕೂಡಿದ ಕಾಡಿನ ಹೆಣ್ಣು ಸೊಳ್ಳೆ ಇಟ್ಟ ಮೊಟ್ಟೆ ಒಡೆಯುವುದೇ ಇಲ್ಲ. ವಾರಕ್ಕೆ ಲಕ್ಷಗಟ್ಟಲೆ ಬಿಡುತ್ತಾರೆ, ಕಾಡಿನ ಗಂಡುಗಳಿಗಿಂತ ಇವೇ ಜಾಸ್ತಿಯಾಗಲಿ ಅಂತ. ಮೊದಲು ಹೆಲಿಕಾಪ್ಟರ್‌ನಿಂದ ಬಿಡುತ್ತಿದ್ದರು, ಈಗ ಡ್ರೋನ್ ಕೂಡ ಬಂದಿದೆ. ಇದರಲ್ಲಿ ಹುಚ್ಚುತನ ಎಲ್ಲಿದೆ, ಹೇಳಿ?

ಈ ಉಪಾಯ ಹೊಸದೂ ಅಲ್ಲ. 1967ರಲ್ಲಿ ಬರ್ಮಾದ ರಂಗೂನ್ ಹತ್ತಿರದ ಒಕ್ಪೋ ಹಳ್ಳಿಯಲ್ಲಿ ಲಾವೆನ್ ಅನ್ನುವ ವಿಜ್ಞಾನಿ ಇದೇ ಕ್ಯೂಲೆಕ್ಸ್‌ನ ಗಂಡುಗಳನ್ನು ಬಿಟ್ಟು, ಹಳ್ಳಿಯಲ್ಲಿ ಆ ಸೊಳ್ಳೆಯನ್ನೇ ಇಲ್ಲವಾಗಿಸಿದ್ದ. ಆನೆಕಾಲು ರೋಗಕ್ಕಾಗಿ ಮಾಡಿದ ಕೆಲಸ ಅದು. ದಿಲ್ಲಿಯಲ್ಲೂ 1970ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಇಂಥದ್ದೇ ಘಟಕ ನಡೆಸಿದವು. ಪತ್ರಿಕೆಗಳಲ್ಲಿ ಅನುಮಾನ ಎದ್ದಿತು, ಇದು ಜೈವಿಕ ಯುದ್ಧದ ತಯಾರಿ ಅಂದರು, ಸಂಸತ್ತಿನವರೆಗೂ ಹೋಯಿತು. 1975ರಲ್ಲಿ ಎಲ್ಲ ನಿಂತಿತು. ನಿನ್ನೆ ಪಿತೂರಿ ಅಂದವರ ಮಾತು ಐವತ್ತು ವರ್ಷಕ್ಕೂ ಹಳೆಯದು. ವಿಜ್ಞಾನ ಎಷ್ಟೇ ಸರಿ ಇರಲಿ, ಜನ ನಂಬದಿದ್ದರೆ ನಡೆಯುವುದಿಲ್ಲ.

ಹವಾಯಿಯ ಬಗ್ಗೆ ನನಗೆ ಗೌರವ ಬಂದಿದ್ದು ಇಲ್ಲೇ. ಅಲ್ಲೂ ಅನುಮಾನ ಪಟ್ಟವರಿದ್ದರು, ಕೋರ್ಟಿಗೂ ಹೋದರು. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಸೊಳ್ಳೆಯನ್ನು ತಂದು ಹಾಕಿದ್ದೇ ಹೊರಗಿನವರು, ಹೆದರಿಕೆ ಇರಬೇಕಾದ್ದೇ. ಆದರೆ ಅಲ್ಲಿ ಯೋಜನೆಯನ್ನು ಮೊದಲು ಜನರ ಮುಂದೆ ಇಟ್ಟರು, ಅಭಿಪ್ರಾಯ ಕೇಳಿದರು. ಸರ್ಕಾರ, ಸಂಸ್ಥೆಗಳು, ಸ್ಥಳೀಯರು ಸೇರಿ ಒಕ್ಕೂಟ ಕಟ್ಟಿದರು. ಮೂಲ ಹವಾಯಿ ಜನರಿಗೆ ಈ ಹಕ್ಕಿಗಳು ಹಾಡಿನಲ್ಲಿವೆ, ಅರಸರ ಕೆಂಪು ಹಳದಿ ಗರಿಯ ಮೇಲುಹೊದಿಕೆಯಲ್ಲಿವೆ. ಒಂದು ಇಡೀ ವರ್ಷವನ್ನು ರಾಜ್ಯಪಾಲರೇ ಕಾಡುಹಕ್ಕಿಗಳ ವರ್ಷ ಅಂತ ಘೋಷಿಸಿದರು. ಇಈವಿ ಮಧು ಕುಡಿಯುವ ಓಹಿಯ ಮರಕ್ಕೆ ಶಿಲೀಂಧ್ರ ರೋಗ ಬಂದಿದೆ. ಕಾಡಿನ ದಾರಿ ಶುರುವಾಗುವಲ್ಲಿ ಬ್ರಷ್ ಇಟ್ಟಿದ್ದಾರೆ. ನಡೆಯಲು ಬಂದವರು ಬೂಟಿನ ಮಣ್ಣು ಉಜ್ಜಿ ಒಳಗೆ ಹೋಗುತ್ತಾರೆ. ಹಕ್ಕಿಗಾಗಿ ಬಗ್ಗಿ ಬೂಟು ಉಜ್ಜುವ ಜನ! ಅವರನ್ನು ನೋಡಿ ನಾವು ನಗುವುದಾ?

"ಇಲ್ಲಿ ನಮ್ಮ ಮಕ್ಕಳೇ ಡೆಂಗಿಗೆ ಮಲಗ್ಯಾವ, ಹಕ್ಕಿಗೇನ್ ಮಾಡ್ತೀರಿ ಬಿಡ್ರಿ ಸರ" ಅಂತ ನೀವು ಅನ್ನಬಹುದು. ಡೆಂಗಿಯ ಸಂಕಟ ನನಗಿಂತ ಯಾರಿಗೆ ಗೊತ್ತು? ಆದರೆ ಹವಾಯಿಯ ಹಕ್ಕಿಗೆ ಖರ್ಚು ಮಾಡಿದ ದುಡ್ಡು ನಮ್ಮ ಚರಂಡಿಯಿಂದ ಕಿತ್ತುಕೊಂಡದ್ದಲ್ಲ. ಆನೆಕಾಲು ರೋಗಕ್ಕೆ ಹುಟ್ಟಿದ ಉಪಾಯ ಇವತ್ತು ಹಕ್ಕಿಗೆ ಬಂದಿದೆ. ವೊಲ್ಬಾಕಿಯ ಇರುವ ಡೆಂಗಿ ಸೊಳ್ಳೆಯನ್ನು ನಮ್ಮ ಪುದುಚೇರಿಯ ಸಂಶೋಧನಾ ಕೇಂದ್ರದಲ್ಲೂ ಬೆಳೆಸಿದ್ದಾರೆ. ನಾಳೆ ಅದು ನಮ್ಮೂರಿಗೆ ಬಂದರೆ ಆಗಲೂ ವಿಡಿಯೋ ನೋಡಿ ನಗುತ್ತೀರಾ?

ನಂಬಿಕೆ ಹೇಗೆ ಬರುತ್ತೆ ಅಂತ ನಾನು ಬೀದಿಯಲ್ಲೇ ಕಂಡಿದ್ದೇನೆ. ಆನೆಕಾಲು ಮಾತ್ರೆ ಕೊಡಲು ಹೋದರೆ ನಮ್ಮ ಜನ ಆಮೇಲೆ ತಿನ್ನುತ್ತೇವೆ ಅಂತ ಕಿಟಕಿಯಲ್ಲಿ ಇಡುತ್ತಿದ್ದರು. ರೋಗ ಇಲ್ಲದವರಿಗೆ ಮಾತ್ರೆ ಯಾಕೆ ಅಂತ ಜಗಳ. ಭಾಷಣ ಕೆಲಸ ಮಾಡಲಿಲ್ಲ. ಓಣಿಯ ಆಶಾ ಕಾರ್ಯಕರ್ತೆ ಹೊಸ್ತಿಲ ಮೇಲೆ ಕೂತು, "ಅವ್ವಾ, ನಾ ತಗೊಂಡೀನಿ, ನನ್ನ ಮಗಾ ತಗೊಂಡಾನ, ನೀ ನನ್ನ ಮುಂದ ನುಂಗು" ಅಂದಾಗ ಕೆಲಸ ಆಯಿತು. ಹಕ್ಕಿ ಉಳಿಸುವವರಿಗೂ ಇಂಥವರೇ ಬೇಕು.

ಎರೆಭೂತ ನಮ್ಮ ದಖನ್ ಬಯಲಿನ ಹಕ್ಕಿ. ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟಿವೆ. ಅದು ಕಡಿಮೆಯಾಗುತ್ತಾ ಹೋದಾಗ ನಾವು ಯಾರಾದರೂ ಯಾಕೆ ಅಂತ ಕೇಳಿದೆವಾ? ಸುರಪುರದ ಬೋನಾಳ ಕೆರೆಗೆ ಹೋಗಿ ಸೆಲ್ಫಿ ತೆಗೆದವರು ಎಷ್ಟೋ ಜನ. ಅಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ ಅಂತ ಎಷ್ಟು ಮಕ್ಕಳಿಗೆ ಹೇಳಿದ್ದೇವೆ? ನನ್ನ ಜಗಳ ಅಷ್ಟೇ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ, ನಗುವುದಕ್ಕೆ ಮಾತ್ರ ಮುಂದೆ.

ಆ ಹುಡುಗನಿಗೂ, ನಿನ್ನೆ ನಕ್ಕವರಿಗೂ ಹೇಳುತ್ತಿದ್ದೇನೆ. ಭಾನುವಾರ ಮನೆಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ನನ್ನ ಹಳೆಯ ಲೆನ್ಸ್ ಇನ್ನೂ ಇದೆ. ಗಂಡು ಸೊಳ್ಳೆಯ ಮೀಸೆ ಪೊದೆ ಪೊದೆಯಾಗಿರುತ್ತದೆ, ಹೆಣ್ಣಿನದು ತೆಳ್ಳಗೆ. ಒಂದು ನಿಮಿಷದಲ್ಲಿ ಗುರುತು ಸಿಗುತ್ತದೆ. ನೋಡಿದ ಮೇಲೆ ಆ ವಿಡಿಯೋ ಮತ್ತೆ ಹಾಕೋಣ, ಕೂತು ಮಾತಾಡೋಣ.