ಒಂದು ಕಾಲು ಚಪ್ಪಲಿಯಲ್ಲಿ

"ಚೆಂಡು ಮುಟ್ಟಿಸದೆ ಔಟು ಹೇಗೆ ಮಾರಾಯ್ರೇ?"

ಶನಿವಾರ ಮೈದಾನದ ಬೇಲಿಯಾಚೆಯಿಂದ ಕೇಳಿದ ಪ್ರಶ್ನೆ. ಇವತ್ತು ಸೋಮವಾರ. ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲೂ ನೆರೆಮನೆಯ ಅಜ್ಜ ಅದನ್ನೇ ಕೇಳಿದರು.

ನಾನು ಕನ್ನಡ ಪಾಠ ಮಾಡುವವ. ಪಿ.ಟಿ. ಮಾಷ್ಟ್ರು ರಜೆ ಹಾಕಿದ್ದಕ್ಕೆ ಪೀಪಿ ನನ್ನ ಕೊರಳಿಗೆ ಬಿತ್ತು. ಕಬಡ್ಡಿಯಾದರೆ ನಮ್ಮ ಕಾಸರಗೋಡಿನಲ್ಲಿ ಬೇಲಿ ಬದಿಯ ಅಜ್ಜಂದಿರೇ ತೀರ್ಪು ಕೊಟ್ಟು ಮುಗಿಸುತ್ತಾರೆ. ಇದು ಸಾಫ್ಟ್‌ಬಾಲ್, ಚೆಂಡು ಹೊಡೆದು ಬೇಸ್ ಎಂಬ ಗುರುತಿನಿಂದ ಗುರುತಿಗೆ ಓಡುವ ಆಟ. ರಾತ್ರಿ ಕೂತು ನಿಯಮ ಓದಿಕೊಂಡಿದ್ದೆ.

ಆದದ್ದು ಇಷ್ಟೇ. ಅಜ್ಜನ ಮೊಮ್ಮಗಳು ಒಂದನೇ ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಹೋಗಿದ್ದಳು. ಅಷ್ಟರಲ್ಲಿ ಚೆಂಡು ಪಿಚರ್, ಅಂದರೆ ಚೆಂಡು ಎಸೆಯುವವಳ, ಕೈಗೆ ವಾಪಸ್ ಬಂತು. ಪಿಚರ್ ಸುತ್ತ ಸುಣ್ಣದಲ್ಲಿ ಎಳೆದ ವೃತ್ತ, ನಡುವಿನಿಂದ ಅಂಚಿಗೆ 8 ಅಡಿ. ಅದರೊಳಗೆ ಪಿಚರ್ ಚೆಂಡು ಹಿಡಿದು ಸುಮ್ನೆ ನಿಂತರೆ, ಓಡುವವಳು ಕೂಡಲೇ ಹೊರಡಬೇಕು. ಮುಂದಿನ ಬೇಸಿಗೋ, ಹಿಂದಿನದಕ್ಕೋ. ಹೊರಟ ಮೇಲೆ ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಪಿಚರ್ ಎಸೆಯುವ ಹಾಗೆ ಕೈ ಬೀಸಿದರೂ ಸಾಕು, ಕಟ್ಟು ಬಿಚ್ಚಿದ ಹಾಗೆ. ಪಿಚರ್ ಬೀಸಲಿಲ್ಲ. ಹುಡುಗಿ ಎರಡು ಹೆಜ್ಜೆ ಮುಂದಿಟ್ಟು, ಹಿಂದೆ ತಿರುಗಿದಳು. ಔಟು ಅಂತ ಊದಿದೆ.

ಇದು ಅಜ್ಜನಿಗೆ ಅರ್ಥವಾಗುವುದಾದರೂ ಹೇಗೆ? ದಿನಾ ಸಂಜೆ ಏಳಕ್ಕೆ ನಮ್ಮ ಜಗಲಿಯಿಂದ "ಹಾಗಾದರೆ ಬರ್ತೇನೆ" ಅಂತ ಏಳುತ್ತಾರೆ. ಒಂದು ಕಾಲು ಚಪ್ಪಲಿಗೆ ಹೋಗುತ್ತದೆ. ಆಗ ಅಡಿಕೆ ರೇಟು ನೆನಪಾಗುತ್ತದೆ. ಕಾಲು ವಾಪಸ್. ಮೆಟ್ಟಿಲಿಳಿದರೆ ಬಸಳೆ ಚಪ್ಪರದ ಹತ್ತಿರ ಹತ್ತು ನಿಮಿಷ. ಗೇಟು ಮುಟ್ಟಿದಾಗ ಟಾರ್ಚ್ ಮರೆತದ್ದು ಗೊತ್ತಾಗುತ್ತದೆ. ಟಾರ್ಚಿಗೆ ಬಂದವರು ಇನ್ನೊಮ್ಮೆ ಎಲೆಯಡಿಕೆಗೆ ಕೂರುತ್ತಾರೆ. ಗಂಟೆ ಎಂಟೂಕಾಲು. ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತಾಳೆ. ಮಾತಿಲ್ಲ, ಬರೀ ನೋಟ. ಪಿಚರ್ ಅಂದರೆ ಅದು! ಆದರೆ ಮನೆಯಲ್ಲಿ ಪೀಪಿ ಊದುವವರು ಯಾರು?

ಹುಡುಗಿ ಮಾತ್ರ ಜಗಳಕ್ಕೆ ಬರಲಿಲ್ಲ. "ಯಾವ ಕಡೆ ಹೋಗುವುದು ಅಂತ ಗೊತ್ತಾಗಲಿಲ್ಲ ಸರ್" ಅಂದಳು. ಜೂನಿನಲ್ಲಿ ಅವಳು ಎಂಟನೇ ಕ್ಲಾಸು. ಕನ್ನಡ ಮೀಡಿಯಮ್ಮೋ ಇಂಗ್ಲಿಷೋ ಅಂತ ಅವರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ಕ್ಲಾಸಿನಲ್ಲಿ ಈಗ ಇರುವುದು ಹನ್ನೊಂದೇ ಮಕ್ಕಳು. ಅದನ್ನು ನಾನು ಅವಳ ಹತ್ತಿರ ಹೇಳಲು ಹೋಗಲಿಲ್ಲ.

ನಿನ್ನೆ ಸಂಜೆ ಜಗಲಿಯಲ್ಲಿ ಚಾಕ್‌ಪೀಸಿನಿಂದ ವೃತ್ತ ಎಳೆದು, ಅಡಿಕೆ ಇಟ್ಟು, ನಿಯಮ ಪೂರ್ತಿ ವಿವರಿಸಿದೆ. ಅಜ್ಜ ತಲೆಯಾಡಿಸಿದರು. "ಈಗ ಸರಿಯಾಯಿತು. ಹಾಗಾದರೆ ಬರ್ತೇನೆ." ಎದ್ದರು. ಒಂದು ಕಾಲು ಚಪ್ಪಲಿಗೆ ಹೋಯಿತು.

"ಆದರೂ ಮಾಷ್ಟ್ರೇ..."

ಒಳಗೆ ಸೌಟಿನ ಸದ್ದು ನಿಂತಿತು.