ಸತ್ಯಾಂಶ: ಕನಸಿನ ಮಾತ್ರೆ ಹೂವಿನದ್ದಾದರೂ ಮಕ್ಕಳಿಗಲ್ಲ

“ಗ್ಯಾಲಂಟಮೈನ್ ಹೂವಿನ ಸಾರ. ಮಲಗುವಾಗ ತಗೊಂಡರೆ ಕನಸು ನಿಮ್ಮ ಹಿಡಿತದಲ್ಲಿ. ಹೈಸ್ಕೂಲ್ ಮಕ್ಕಳಿಗೂ ಸೇಫ್” ಎಂಬ ಮೆಸೇಜ್ ಓಡಾಡುತ್ತಿದೆ. ಸ್ನೋಡ್ರಾಪ್ ಗಿಡದಲ್ಲಿ ಇದು ಸಿಗುವುದು ನಿಜ. ಆದರೆ ಇದು ಅಲ್ಝೈಮರ್ಸ್ ಕಾಯಿಲೆಗೆ ವೈದ್ಯರು ಬರೆಯುವ ಔಷಧಿ.

2018ರಲ್ಲಿ ಪ್ರಕಟವಾದ, 121 ಜನರ ಅಧ್ಯಯನದಲ್ಲಿ 8 ಮಿಲಿಗ್ರಾಂ ತಗೊಂಡ ರಾತ್ರಿ ಶೇ. 42 ಜನರಿಗೆ ‘ಇದು ಕನಸು’ ಎಂಬ ಅರಿವಿರುವ ಕನಸು ಬಿತ್ತು. ಔಷಧಿಯಿಲ್ಲದ ಮಾತ್ರೆಯಲ್ಲಿ ಶೇ. 14. ಅವರು ವಯಸ್ಕರು, ತರಬೇತಿ ಪಡೆದವರು. ನಡುರಾತ್ರಿ ಎದ್ದು ಅರ್ಧ ಗಂಟೆ ಎಚ್ಚರವಿದ್ದರು. ಸುಮ್ನೆ ಮಾತ್ರೆ ನುಂಗಿದ್ದಲ್ಲ!

ಇದರಿಂದ ವಾಂತಿ, ತಲೆಸುತ್ತು ಬರಬಹುದು. ಎದೆಬಡಿತ ನಿಧಾನವಾಗಿ ಪ್ರಜ್ಞೆಯೂ ತಪ್ಪಬಹುದು. ಆಸ್ತಮಾ ಇದ್ದರೆ ಅಪಾಯ ಜಾಸ್ತಿ. ಹದಿಹರೆಯದವರಿಗೆ 8–10 ಗಂಟೆ ನಿದ್ದೆ ಬೇಕು, ಅದನ್ನೇ ಕೆಡಿಸುವುದು ಯಾಕೆ? ಆಸಕ್ತಿಯಿದ್ದರೆ ಬೆಳಿಗ್ಗೆ ಎದ್ದಕೂಡಲೇ ಕನಸನ್ನು ಬರೆದಿಡಲಿ. ಮಾತ್ರೆ ಈಗಾಗಲೇ ತಗೊಂಡಿದ್ದರೆ ಬೈಯಬೇಡಿ, ವೈದ್ಯರಿಗೆ ತೋರಿಸಿ.